ಪಡುವಣ ಬಾಗಿಲಿನ ಎಮ್ಮೆ

ಈ ಕತೆಯನ್ನು ನನಗೆ ಮೊದಲು ಹೇಳಿದವರು ಕೊಟ್ರಬಸಯ್ಯ ಮೇಷ್ಟ್ರು. ಸೋಮವಾರದ ಭಜನೆ ಮುಗಿದ ಮೇಲೆ, ಆರತಿ ತಟ್ಟೆ ಕೆಳಗಿಟ್ಟು, ಕಂಬಕ್ಕೆ ಒರಗಿ ಕೂತು ಹೇಳಿದರು. ಕೇಳಿದಂತೆ ಬರೆದಿದ್ದೇನೆ. ಹೆಚ್ಚುಕಡಿಮೆಯಾಗಿದ್ದರೆ ತಪ್ಪು ನನ್ನದು.

“ಗುರುಗಳೇ, ಖಾಲಿ ತೂತಿಗೂ ವಿವರ ಬರೆಯಬೇಕೇ?” ಎಂದು ಒಬ್ಬ ಶಿಷ್ಯ ತನ್ನ ಗುರುಗಳನ್ನು ಕೇಳಿದ.

ಅವನು ಕಂಪ್ಯೂಟರಿನ ವಿದ್ಯೆ ಕಲಿಯುತ್ತಿದ್ದವನು. ಒಂದು ಪುಟ್ಟ ಕಂಪ್ಯೂಟರ್ ಬೋರ್ಡು ಮಾಡಿದ್ದ. ಅದರ ಅಂಚಿನಲ್ಲಿ ಸಾಧನ ಸಿಕ್ಕಿಸುವ ತೂತು, ಅಂದರೆ ಕನೆಕ್ಟರ್, ಒಂದೇ ಒಂದು. ಪರದೆ ಬೇಕೆಂದರೆ ಅದಕ್ಕೇ ಸಿಕ್ಕಿಸಬೇಕು, ಕೀಬೋರ್ಡ್ ಬೇಕೆಂದರೂ ಅದಕ್ಕೇ, ಕರೆಂಟು ಬರುವುದೂ ಅದರಿಂದಲೇ. ಕಂಪ್ಯೂಟರನ್ನು ಒಳಗಿನಿಂದ ನಡೆಸುವ ಮೂಲ ತಂತ್ರಾಂಶಕ್ಕೆ ಕರ್ನಲ್ ಎನ್ನುತ್ತಾರೆ. ಅದರ ಕೈಕೆಳಗೆ ಒಂದೊಂದು ಸಾಧನವನ್ನು ನೋಡಿಕೊಳ್ಳಲು ಒಂದೊಂದು ಡ್ರೈವರ್. ಆದರೆ ಇಂಥ ಬೋರ್ಡಿನ ಮೇಲೆ ಎಲ್ಲಿ ಏನಿದೆ ಎಂಬುದು ಕರ್ನಲ್ಲಿಗೆ ತಾನಾಗಿ ಕಾಣುವುದಿಲ್ಲ. ಯಾರಾದರೂ ವಿವರ ಬರೆದು ಕೊಡಬೇಕು. ಶಿಷ್ಯ ಬರೆದುಕೊಟ್ಟಿದ್ದ. ಪರೀಕ್ಷಿಸುವ ಹಿರಿಯರು ಆರು ಸಲ ಹಿಂದಕ್ಕೆ ಕಳಿಸಿದ್ದರು. ಆರು ಸಲವೂ ಒಂದೇ ಮಾತು: ಕನೆಕ್ಟರನ್ನು ವಿವರಿಸಿ.

“ಸಿಕ್ಕಿಸುವ ಸಾಮಾನನ್ನು ಬರೆದಿದ್ದೇನೆ. ತೂತಿನಲ್ಲಿ ಬರೆಯಲಿಕ್ಕೆ ಏನಿದೆ? ನನ್ನ ಮೇಜಿನ ಮೇಲೆ ಎಲ್ಲವೂ ನೆಟ್ಟಗೆ ನಡೆಯುತ್ತಿದೆ. ಅವರಿಗೆ ಬೇರೆ ಕಸುಬಿಲ್ಲ. ಇನ್ನೊಂದು ಸಲ ಹಿಂದಕ್ಕೆ ಬಂದರೆ ಈ ವಿದ್ಯೆಗೇ ಕೈ ಮುಗಿದುಬಿಡುತ್ತೇನೆ,” ಎಂದ.

ಗುರುಗಳು ಕೂರಲು ಹೇಳಿದರು. ಆಮೇಲೆ ಕತೆ ಹೇಳಿದರು.

ಒಬ್ಬ ವರ್ತಕ ಮನೆ ಕಟ್ಟಿಸಿದ. ಮನೆಗೆ ಪಡುವಣ ದಿಕ್ಕಿಗೆ ಒಂದೇ ಬಾಗಿಲು. ಮನೆ ನೋಡಿಕೊಳ್ಳಲು ಒಬ್ಬ ಪಾರುಪತ್ಯಗಾರನನ್ನು ಇಟ್ಟುಕೊಂಡ. ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಆದರೆ ಅವನಷ್ಟು ನಂಬಿಗಸ್ತ ಆ ಸೀಮೆಯಲ್ಲಿ ಇರಲಿಲ್ಲ. ಮನೆಯ ವಿವರವನ್ನು ಒಮ್ಮೆ ಓದಿ ಹೇಳಿದರೆ ಸಾಕು, ಅದರಂತೆ ನಡೆಯುತ್ತಿದ್ದ. ಅದರಲ್ಲಿ ಇಲ್ಲದ್ದನ್ನು ಯಾರು ಹೇಳಿದರೂ ಒಪ್ಪುತ್ತಿರಲಿಲ್ಲ.

ವಿವರ ಬರೆಯಲು ಒಬ್ಬ ಬರಹಗಾರ ಬಂದ. ಅಂದು ಬಾಗಿಲಲ್ಲಿ ಒಂದು ಹಸು ಒಳಗೆ ಬರುತ್ತಿತ್ತು. ಅವನು “ಪಡುವಣಕ್ಕೆ ಹಸು” ಎಂದು ಬರೆದ. ಪಡುವಣದಲ್ಲಿ ಸದ್ದಾದರೆ ಪಾರುಪತ್ಯಗಾರ ಹುಲ್ಲು ಹಾಕುತ್ತಿದ್ದ, ಹಾಲು ಕರೆಯುತ್ತಿದ್ದ. ಮನೆಯವರಿಗೆ ಹೊತ್ತುಹೊತ್ತಿಗೆ ಹಾಲು ಸಿಕ್ಕಿತು. ವರ್ತಕ ಬರಹಗಾರನನ್ನು ನಾಲ್ಕು ಜನರ ಮುಂದೆ ಹೊಗಳಿದ. ಮರುವರ್ಷ ಹಸು ಹೋಗಿ ಎಮ್ಮೆ ಬಂತು. ಬರಹಗಾರ ಬಂದು ವಿವರದಲ್ಲಿ ಹಸು ಎಂಬ ಮಾತನ್ನು ಹೊಡೆದು ಹಾಕಿ ಎಮ್ಮೆ ಎಂದು ಬರೆದ. ಆಗಲೂ ಎಲ್ಲ ಸರಿಹೋಯಿತು.

ಒಂದು ಮಧ್ಯಾಹ್ನ ವರ್ತಕನ ಮಗಳಿಗೆ ಜ್ವರ ಏರಿತು. ಮೈ ಕೆಂಡದಂತೆ ಸುಡುತ್ತಿತ್ತು. ಹೆಂಡತಿ ಒಳಕೋಣೆಯಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ವರ್ತಕ ವೈದ್ಯರ ಮನೆಗೆ ಓಡಿದ. “ನೀವು ಮದ್ದಿನ ಚೀಲ ಹಿಡಿದು ನಡೆಯುತ್ತಿರಿ ಸ್ವಾಮಿ, ನಾನು ನಾಳೆಯ ಮದ್ದಿಗೆ ಬೇರು ಹುಡುಕಿಕೊಂಡು ಹಿಂದೆಯೇ ಬಂದೆ,” ಎಂದು ಅವರನ್ನು ಮುಂದೆ ಕಳಿಸಿದ.

ಬೇರು ಹುಡುಕಿಕೊಂಡು ಅವನು ಬರುವಾಗ ಹೊತ್ತು ಇಳಿದಿತ್ತು. ನೋಡುತ್ತಾನೆ, ವೈದ್ಯರು ಜಗಲಿಯ ಮೇಲೆ ಕೂತಿದ್ದಾರೆ. ಅವರ ಮುಂದೆ ಒಂದು ಬಾನಿ ಮುಸುರೆ. ಪಕ್ಕದಲ್ಲಿ ಒಂದು ಹಗ್ಗ.

“ಬಾಗಿಲು ಬಡಿದೆನಪ್ಪ,” ಎಂದರು ವೈದ್ಯರು. “ನಿಮ್ಮ ಪಾರುಪತ್ಯಗಾರ ಇದನ್ನು ತಂದಿಟ್ಟು ಬಾಗಿಲು ಹಾಕಿಕೊಂಡ. ನಾನು ವೈದ್ಯ ಎಂದೆ. ಪಡುವಣದಲ್ಲಿ ವೈದ್ಯರು ಇರುವುದು ವಿವರದಲ್ಲಿ ಇಲ್ಲ ಎಂದ. ಮೂರು ಸಲ ಬಡಿದೆ. ಮೂರನೆಯ ಸಲ ಹಗ್ಗ ತಂದ.”

ಧಣಿಯ ದನಿ ಪಾರುಪತ್ಯಗಾರನಿಗೆ ಗುರುತಿತ್ತು; ವರ್ತಕ ಕೂಗಿ ಬಾಗಿಲು ತೆಗೆಸಿದ. ವೈದ್ಯರು ಒಳಗೆ ಓಡಿದರು. ಮಗು ಉಳಿಯಿತು. ಜ್ವರ ಕಿವಿಗೆ ಇಳಿದಿತ್ತು, ಕಿವಿ ಉಳಿಯಲಿಲ್ಲ. ಇನ್ನೊಂದು ಗಳಿಗೆ ಮೊದಲು ಮದ್ದು ಬಿದ್ದಿದ್ದರೆ ಎಂದು ಹೇಳಹೊರಟ ವೈದ್ಯರು ತಾಯಿಯ ಮುಖ ನೋಡಿ ಮದ್ದಿನ ಚೀಲ ಕಟ್ಟತೊಡಗಿದರು.

ಪಾರುಪತ್ಯಗಾರ ಗೋಡೆ ಹಿಡಿದು ನಿಂತಿದ್ದ. “ಓದಿ ಹೇಳಿದಂತೆ ನಡೆದೆ, ಧಣಿ,” ಎಂದ. ಅದು ನಿಜ. ವರ್ತಕ ಅವನನ್ನು ಏನೂ ಅನ್ನಲಿಲ್ಲ. ನೇರವಾಗಿ ಬರಹಗಾರನ ಮನೆಗೆ ಹೋದ. ಮಗಳಿಗೆ ಇನ್ನು ಅಪ್ಪನ ದನಿ ಕೇಳಿಸುವುದಿಲ್ಲ ಎಂದು ಹೇಳಿದ. ಏನು ಬರೆದಿಟ್ಟೆ ನನ್ನ ಮನೆಗೆ ಎಂದು ಕೇಳಿದ.

ಬರಹಗಾರನಿಗೆ ನಿಜವಾಗಿಯೂ ಸಂಕಟವಾಯಿತು. ಆದರೂ ತನ್ನ ತಪ್ಪು ಯಾವುದೆಂದು ಅವನಿಗೆ ತಿಳಿಯಲಿಲ್ಲ. “ನಾನು ಬರೆದ ದಿನ ಅಲ್ಲಿ ಎಮ್ಮೆಯೇ ಇತ್ತಲ್ಲ, ಧಣಿಗಳೇ. ಸುಳ್ಳು ಬರೆದೆನೇ?” ಎಂದ. ಒಳಗೆ ಹೋಗಿ ಲೇಖನಿ ತಂದ. “ಅದಕ್ಕೇನಂತೆ, ಈಗಲೇ ಬಂದು ಎಮ್ಮೆ ಎಂಬುದನ್ನು ಹೊಡೆದು ಹಾಕಿ ವೈದ್ಯರು ಎಂದು ಬರೆದುಕೊಡುತ್ತೇನೆ.”

ವರ್ತಕ ತಲೆಯ ಮೇಲೆ ಕೈಹೊತ್ತು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ.

ಗುರುಗಳು ಕತೆ ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. ಮೊದಲೇ ರೇಗಿದ್ದವನು ಇನ್ನಷ್ಟು ರೇಗಿದ.

“ಎಂಥ ಮಂಕು ಗುರುಗಳೇ ಅವನು! ಬಂದವರನ್ನೆಲ್ಲ ಬರೆಯುತ್ತ ಕೂತರೆ ಮುಗಿಯುವುದುಂಟೇ? ಇಲ್ಲೊಂದು ಬಾಗಿಲಿದೆ ಎಂದು ಬರೆಯಬೇಕು. ಅಗಲ ಇಷ್ಟು, ಅಗುಳಿ ಈ ಕಡೆ, ಒಳಗೆ ಬಂದರೆ ಎಡಕ್ಕೆ ಕೊಟ್ಟಿಗೆ, ಬಲಕ್ಕೆ ಅಡುಗೆಮನೆ, ನೇರ ಹೋದರೆ ಒಳಕೋಣೆ. ಇಷ್ಟು ಬರೆದಿದ್ದರೆ ಬಂದವರು ಯಾರೆಂದು ಬಾಗಿಲಲ್ಲೇ ಕೇಳಿ, ಎಲ್ಲಿಗೆ ಕಳಿಸಬೇಕೋ ಅಲ್ಲಿಗೆ ಕಳಿಸುತ್ತಿದ್ದ. ಪಾಪ, ಆ ಮಗುವಿನ ಕಿವಿ.”

ಗುರುಗಳು ಅವನನ್ನೇ ನೋಡಿದರು.

“ಹಾಗಾದರೆ ನಿನ್ನೆ ಪರದೆಯನ್ನು ಹೊಡೆದು ಹಾಕಿ ಕೀಬೋರ್ಡ್ ಎಂದು ಬರೆದು ಕಳಿಸಿದವನು ಯಾರಪ್ಪ?”

ಶಿಷ್ಯ ತನ್ನ ವಿವರವನ್ನು ತೆಗೆದು, ಕೀಬೋರ್ಡ್ ಎಂಬುದನ್ನು ಹೊಡೆದು ಹಾಕಿ, ಇಲ್ಲೊಂದು ಕನೆಕ್ಟರ್ ಇದೆ ಎಂದು ಬರೆಯತೊಡಗಿದ.

ಕತೆ ಇಷ್ಟೇ. ಓದಿದವರು ತಮ್ಮಲ್ಲೇ ಇಟ್ಟುಕೊಳ್ಳಬೇಡಿ. ಕಾಣದವರಿಗಾಗಿ ಏನನ್ನಾದರೂ ಬರೆದಿಡಲು ಕೂತವರು ನಿಮ್ಮ ಕಣ್ಣಿಗೆ ಬಿದ್ದರೆ, ಒಂದು ಗಳಿಗೆ ಪಕ್ಕದಲ್ಲಿ ಕೂತು ಅವರಿಗೂ ಹೇಳಿ.