ಎರಡು ಯಂತ್ರ, ಒಂದು ಪಂಕ್ತಿ

ಮಲಪ್ರಭೆಯ ದಂಡೆಗೆ ಒಂದು ಆಶ್ರಮ. ಅಲ್ಲಿ ಕಣ್ಣು ಕಾಣದವರು ಇದ್ದುಕೊಂಡು ಓದುತ್ತಿದ್ದರು.

ನಿರ್ವಾಣಯ್ಯ ಅಜ್ಜಾರು ಅಲ್ಲಿಯ ಗುರುಗಳು. ಕಲ್ಮೇಶ ಅವರ ಶಿಷ್ಯ. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದವನು. ಒಂದು ದಿನ ಆಶ್ರಮದ ಪ್ರಿಂಟರ್ ಸರಿಮಾಡಲೆಂದು ಬಂದು ಅಲ್ಲೇ ಉಳಿದುಬಿಟ್ಟ. ಪ್ರಿಂಟರ್ ಮಾತ್ರ ಇನ್ನೂ ಸರಿಯಾಗಿರಲಿಲ್ಲ.

ಆಶ್ರಮದಲ್ಲಿ ಓದುವವರಿಗೆಲ್ಲ ಪುಸ್ತಕ ಓದಿ ಹೇಳುತ್ತಿದ್ದವರು ಊರಿನ ಕಾಲೇಜು ಹುಡುಗರು. ಅವರು ರಜೆಗೆಂದು ಮನೆಗೆ ಹೋದರು. ಪರೀಕ್ಷೆಗಳು ರಜೆ ತೆಗೆದುಕೊಳ್ಳಲಿಲ್ಲ.

ಎಲ್ಲರಿಗಿಂತ ಮೊದಲ ಪರೀಕ್ಷೆ ನೀಲಕ್ಕನದು. ಉಳಿದವರಿಗಿಂತ ವಯಸ್ಸಿನಲ್ಲಿ ಬಹಳ ದೊಡ್ಡವಳು. ಪಾಸಾದರೆ ಮಾಸ್ತರಿಕೆ ಸಿಗುತ್ತಿತ್ತು. ವಯಸ್ಸಿನ ಮಿತಿ ದಾಟುತ್ತಿದ್ದುದರಿಂದ ಅವಳಿಗೆ ಇದೇ ಕೊನೆಯ ಅವಕಾಶ. ಪರೀಕ್ಷೆಗೆ ಹತ್ತು ದಿನವೂ ಉಳಿದಿರಲಿಲ್ಲ, ಓದಿಸಿಕೊಳ್ಳಬೇಕಾದ ಪುಸ್ತಕ ಅರ್ಧಕ್ಕೇ ನಿಂತಿತ್ತು.

ಸುದ್ದಿ ತಿಳಿದ ಭಕ್ತರೊಬ್ಬರು, ಪುಟ ನೋಡಿ ದನಿ ಮಾಡಿ ಓದುವ ಯಂತ್ರ ಕೊಡಿಸುತ್ತೇನೆ ಎಂದರು. ಅವರದೇ ಕಂಪ್ಯೂಟರ್ ಅಂಗಡಿ. ಎರಡು ನಮೂನೆ ಕಳಿಸಿ, ಒಂದನ್ನು ಇಟ್ಟುಕೊಳ್ಳಿ, ಇನ್ನೊಂದನ್ನು ಸೋಮವಾರ ನಮ್ಮ ಟೆಂಪೋ ಬಂದು ಒಯ್ಯುತ್ತದೆ ಎಂದು ಹೇಳಿಕಳಿಸಿದರು.

ಅಜ್ಜಾರು ಎರಡನ್ನೂ ನೋಡಿದರು.

“ಏನ್ ಫರಕಪಾ ಇವಕ್ಕ?”

“ಎರಡರ ಮಿದುಳೂ ಬ್ಯಾರೆ ರೀ ಅಜ್ಜಾರ. ಪ್ರೊಸೆಸರ್ ಅಂತಾರ ಅದಕ್ಕ. ಇದು ಕಂಪ್ಯೂಟರಿನ್ಯಾಗ ಆಟ ಆಡಾವರ ಸಲುವಾಗಿ ಮಾಡಿದ್ದು. ಒಳಗ ಕೆಲಸಾ ಮಾಡೂ ಕೈ ಕಡಿಮಿ, ನಾಕ ನಾಕು, ಆದ್ರ ಭಾಳ ಚುರುಕು. ಅದು ಸರ್ವರಿಂದು. ದೊಡ್ಡ ದೊಡ್ಡ ಆಫೀಸಿನ್ಯಾಗ ಹಗಲೂ ರಾತ್ರಿ ನಡಿಯೂದು. ಅದಕ್ಕ ಕೈ ಭಾಳ ಅದಾವ. ಆದ್ರ ಒಂದೊಂದು ಕೈನೂ ಸಾವಕಾಶ.”

“ನಿನಗ ಯಾವ್ದು ಬೇಕು?”

“ನನಗಲ್ರಿ, ಆಶ್ರಮಕ್ಕ.”

“ನಾ ಕೇಳಿದ್ದು ನಿನಗ ಅಂತ.”

ಕಲ್ಮೇಶ ನಕ್ಕು ಎರಡರ ಕಡೆಗೂ ನೋಡಿದ. ಆಟದ ಯಂತ್ರದ ಮೈತುಂಬ ಬಣ್ಣದ ದೀಪ. ಸರ್ವರ್ ಎಂಬುದು ತಗಡಿನ ಟ್ರಂಕಿನ ಹಾಗೆ ಗೋಡೆಗೆ ಆತುಕೊಂಡು ಕೂತಿತ್ತು. ಅದನ್ನು ಪ್ರೀತಿಸಲು ಸನ್ಯಾಸಿಗೂ ಕಷ್ಟ.

ಇನ್ನೊಂದು ಮಾತೂ ಇತ್ತು. ಆಶ್ರಮದಲ್ಲಿ ಊಟಕ್ಕೆ ಬಡಿಸುವವರಲ್ಲಿ ಕಲ್ಮೇಶನಷ್ಟು ಚುರುಕಿನವನು ಯಾರೂ ಇರಲಿಲ್ಲ. ಕಲ್ಮೇಶಣ್ಣ ನೀಡಾಕ ನಿಂತ್ರ ಗಾಳಿ ಬೀಸಿದಂಗ ಆಕ್ಕೈತಿ ಎಂದು ಹುಡುಗರು ಹೇಳುತ್ತಿದ್ದರು. ಅವನು ಅದನ್ನು ಕೇಳಿಸದವನಂತೆ ಕೇಳಿಸಿಕೊಳ್ಳುತ್ತಿದ್ದ. ತನ್ನಂಥದ್ದೇ ಒಂದು ಯಂತ್ರ ಕಣ್ಣೆದುರು ನಿಂತರೆ ಮನಸ್ಸು ಯಾವ ಕಡೆ ವಾಲೀತು?

“ಪರೀಕ್ಷಾ ಮಾಡಿ ಹೇಳ್ತೀನ್ರಿ,” ಎಂದ.

ಮಧ್ಯಾಹ್ನ ಎಲ್ಲರೂ ಅಡ್ಡಾದ ಹೊತ್ತಿಗೆ ಪರೀಕ್ಷೆ ಮಾಡಿದ. ಎರಡಕ್ಕೂ ಒಂದೇ ಪುಟ ಕೊಟ್ಟ. ಆಟದ ಯಂತ್ರ ಅವನು ಗುಂಡಿಯಿಂದ ಬೆರಳು ತೆಗೆಯುವ ಮೊದಲೇ ಓದತೊಡಗಿತು. ಸರ್ವರ್ ಮಾತ್ರ ಭಾಷಣಕ್ಕೆ ಎದ್ದ ಹಿರಿಯರ ಹಾಗೆ, ಗಂಟಲು ಸರಿಮಾಡಿಕೊಂಡು, ಆಮೇಲೆ ಬಾಯಿಬಿಟ್ಟಿತು.

ಕಲ್ಮೇಶ ಓಡಿಹೋಗಿ ಹೇಳಿದ.

“ಆಟದ್ದ ಇಟ್ಕೊಳ್ಳೂಣ್ರಿ ಅಜ್ಜಾರ.”

“ಯಾರು ಕೇಳಿ ನೋಡಿದ್ರು?”

“ನಾನ ಕೇಳಿದೆ.”

“ಮತ್ಯಾರು?”

“ಮತ್ಯಾರೂ ಇರಲಿಲ್ರಿ. ಗದ್ದಲಿಲ್ಲದ ಹೊತ್ತಿನ್ಯಾಗ ನೋಡಿದ್ರ ಫರಕು ಚೊಲೋ ತಿಳೀತೈತಿ.”

ಅಜ್ಜಾರು ತಲೆಯಾಡಿಸಿದರು.

“ನಾಳೆ ಪ್ರಸಾದಕ್ಕ ನೀನೊಬ್ಬನ ನೀಡು. ಉಳಿದಾವ್ರು ಎಲ್ಲಾ ಸಾಲಿನ್ಯಾಗ ಕುಂತು ಊಟ ಮಾಡ್ಲಿ.”

ಯಂತ್ರದ ಮಾತಿಗೂ ಊಟದ ಮಾತಿಗೂ ಏನು ಸಂಬಂಧವೆಂದು ಕಲ್ಮೇಶನಿಗೆ ಹೊಳೆಯಲಿಲ್ಲ. ಆದರೂ ಒಳಗೊಳಗೆ ಖುಷಿಯಾಯಿತು. ತನ್ನ ಕೈಚಳಕ ಅಜ್ಜಾರೂ ನೋಡಲಿ ಎಂದುಕೊಂಡ.

ಆ ಆಶ್ರಮದ ಪಂಕ್ತಿಗೆ ಒಂದು ರೂಢಿಯಿತ್ತು. ಸಾಲು ಎಷ್ಟು ಉದ್ದವಿದೆ, ಯಾರ ತಾಟಿಗೆ ಬಿತ್ತು, ಯಾರದಕ್ಕೆ ಬೀಳಲಿಲ್ಲ ಎಂಬುದು ಕೂತವರಿಗೆ ಕಾಣುವಂತಿಲ್ಲ. ಹಾಗಾಗಿ ಬಡಿಸುವವರು ಪ್ರತಿ ತಾಟಿನ ಮುಂದೆಯೂ ಪಲ್ಯ ಯಾವ ಕಡೆ, ಚಟ್ನಿ ಯಾವ ಕಡೆ ಎಂದು ಹೇಳಿಯೇ ಮುಂದೆ ಸಾಗಬೇಕು. ಎಲ್ಲ ಬಡಿಸಿದ ಮೇಲೆ ಸಾಲಿನ ಕೊನೆಗೆ ಕೂತವರು “ಮುಟ್ಟಿತು” ಎಂದು ಕೂಗಬೇಕು. ಆ ಕೂಗು ಕೇಳಿದ ಮೇಲೆಯೇ ಎಲ್ಲರೂ ಹರಹರ ಮಹಾದೇವ ಎಂದು ಮೊದಲ ತುತ್ತು ಎತ್ತುವುದು. ಅಲ್ಲಿಯವರೆಗೆ ಹಸಿದವನೂ ಕೈ ಕಟ್ಟಿ ಕೂಡಬೇಕು.

ಕೊನೆಗೆ ಕೂಡುವವಳು ನೀಲಕ್ಕ. ಅವಳ ಪಕ್ಕಕ್ಕೆ ಅಜ್ಜಾರು.

ಮರುದಿನ ಕಲ್ಮೇಶ ಪಂಚೆ ಎತ್ತಿಕಟ್ಟಿ ನಿಂತ. ರೊಟ್ಟಿ ಹಾಕಿಕೊಂಡು ಓಡಿದ, ಬುಟ್ಟಿ ಇಟ್ಟು ಪಲ್ಯದ ಪಾತ್ರೆ ಎತ್ತಿದ, ಅದನ್ನಿಟ್ಟು ಚಟ್ನಿ, ಆಮೇಲೆ ಅನ್ನ, ಆಮೇಲೆ ಸಾರಿನ ಬಕೆಟ್ಟು. ಓಡುತ್ತಲೇ “ಪಲ್ಯ ಬಲಕ್ಕ, ಚಟ್ನಿ ಎಡಕ್ಕ” ಎಂದ. ಅವನು ಓಡಿದ ರಭಸಕ್ಕೆ ನಿಜವಾಗಿಯೂ ಗಾಳಿ ಬೀಸಿತು.

ಆದರೆ ಎರಡು ಕೈ ಎರಡೇ. ಸಾರು ಕೊನೆ ಮುಟ್ಟುವ ಹೊತ್ತಿಗೆ ಮೊದಲ ತಾಟಿನ ಅನ್ನ ಆರಿ ಗಟ್ಟಿಯಾಗಿತ್ತು, ರೊಟ್ಟಿ ತೊಗಲಿನಂತಾಗಿತ್ತು. ಯಾರೋ ಹುಡುಗ ಆಕಳಿಸಿದ.

“ಮುಟ್ಟಿತು,” ಎಂದಳು ನೀಲಕ್ಕ.

ಹರಹರ ಮಹಾದೇವ ಎಂದರು ಎಲ್ಲರೂ.

ಅಜ್ಜಾರು ಒಂದು ತುತ್ತು ತಿಂದು ಕಲ್ಮೇಶನ ಕಡೆ ತಿರುಗಿದರು.

“ಓಡಿದಿ?”

“ಓಡಿದ್ನಿರಿ.”

“ಬೆವರಿದಿ?”

“ಹೌದ್ರಿ.”

“ಸಾರು ಆರೈತಿ,” ಎಂದು ಊಟ ಮುಂದುವರಿಸಿದರು.

ಕಲ್ಮೇಶ ಪಾತ್ರೆ ತೊಳೆಯುತ್ತ ವಿಚಾರ ಮಾಡಿದ. ಅಜ್ಜಾರು ನನ್ನ ಸೊಕ್ಕು ಮುರಿಯಲೆಂದು ಹೀಗೆ ಮಾಡಿದರು ಎಂದು ತೀರ್ಮಾನಿಸಿದ. ಸರಿ, ಇನ್ನೊಂದು ಸಲ ಹೇಳಿದರೆ ಇನ್ನೂ ಜೋರಾಗಿ ಓಡಿದರಾಯಿತು ಎಂದೂ ತೀರ್ಮಾನಿಸಿದ. ಸೊಕ್ಕು ಮುರಿಯುವುದು ಅಷ್ಟು ಸುಲಭವಲ್ಲ.

ಅಂದು ಸಂಜೆ ಓದುವ ಕೋಣೆಯಲ್ಲಿ ಎಲ್ಲರನ್ನೂ ಕೂಡಿಸಿದ. ಒಬ್ಬೊಬ್ಬರಿಗೂ ಒಂದು ಹೆಡ್‌ಫೋನು, ಒಂದು ಗುಂಡಿ, ಅವರವರದೇ ಪುಸ್ತಕ. ಎಲ್ಲ ವೈರುಗಳೂ ಹೋಗಿ ಸೇರುವುದು ಆಟದ ಯಂತ್ರಕ್ಕೆ. ದೀಪಗಳು ಕೆಂಪು, ಹಸಿರು, ನೀಲಿ ಎಂದು ಕುಣಿಯತೊಡಗಿದವು. ನೋಡಲು ಆ ಕೋಣೆಯಲ್ಲಿ ಅವನೊಬ್ಬನನ್ನು ಬಿಟ್ಟರೆ ಯಾರಿಗೂ ಕಣ್ಣಿರಲಿಲ್ಲ.

ಮೊದಲ ಬೆಂಚಿನಲ್ಲಿ ಫಕೀರೇಶನೆಂಬ ಹುಡುಗ ಕೂತಿದ್ದ. ಎಲ್ಲರಿಗಿಂತ ಮೊದಲು ಗುಂಡಿ ಒತ್ತಿದವನೂ ಅವನೇ.

“ಅಣ್ಣಾ, ಕೇಳೂದರಾಗ ಓದಿಬಿಡತೈತಿ ಇದು.”

ಕಲ್ಮೇಶನ ಎದೆ ಉಬ್ಬಿತು. ಅವನು ಆ ಬೆಂಚಿನ ಹತ್ತಿರವೇ ನಿಂತಿದ್ದ.

ಅಜ್ಜಾರು ಬಂದು ಬಾಗಿಲಲ್ಲಿ ನಿಂತರು.

“ಎಲ್ಲಾರೂ ಕೇಳಾಕತ್ತಾರೇನು?”

“ಹೌದ್ರಿ ಅಜ್ಜಾರ. ಎಲ್ಲಾರೂ.”

ಅಜ್ಜಾರು ಅವನನ್ನು ಮತ್ತೇನೂ ಕೇಳಲಿಲ್ಲ. ಕೋಣೆಗೆಲ್ಲ ಕೇಳಿಸುವಂತೆ ದನಿ ಎತ್ತಿದರು.

“ಕೊನೀಗೆ ಯಾರದೀರಿ? ಮುಟ್ಟಿತೇನು?”

ಊಟದ ಸಾಲಿನಲ್ಲಾಗಿದ್ದರೆ ಈ ಮಾತಿಗೆ ತಟ್ಟನೆ ಉತ್ತರ ಬರುತ್ತಿತ್ತು. ಇಲ್ಲಿ ಬರಲಿಲ್ಲ.

ಕಲ್ಮೇಶ ತಿರುಗಿ ನೋಡಿದ. ಕೊನೆಯ ಬೆಂಚಿನಲ್ಲಿ ನೀಲಕ್ಕ ಹೆಡ್‌ಫೋನು ಹಾಕಿಕೊಂಡು, ಪಂಕ್ತಿಯಲ್ಲಿ ಕೂಡುವ ಹಾಗೆಯೇ ಕೈ ಕಟ್ಟಿ ಕೂತಿದ್ದಳು. ಅವನು ಹೋಗಿ ಅವಳ ಹೆಡ್‌ಫೋನು ತೆಗೆದು ತನ್ನ ಕಿವಿಗಿಟ್ಟುಕೊಂಡ.

ಏನೂ ಇಲ್ಲ. ಕಾದ. “ಮಗುವಿನ” ಎಂದಿತು. ಮತ್ತೆ ಏನೂ ಇಲ್ಲ. ಬಹಳ ಹೊತ್ತಿನ ಮೇಲೆ “ಕಲಿಕೆಯಲ್ಲಿ” ಎಂದಿತು. ಯಂತ್ರದ ನಾಲ್ಕು ಚುರುಕು ಕೈಗಳು ಮುಂದಿನ ಬೆಂಚುಗಳಲ್ಲೇ ಓಡಾಡುತ್ತಿದ್ದವು.

“ಎಷ್ಟೊತ್ತಿಂದ ಹಿಂಗೈತಿ ನೀಲಕ್ಕಾ?”

“ಕುಂತಾಗಿಂದಪಾ.”

“ಕೂಗಿ ಹೇಳಬಾರದಿತ್ತೇನು?”

ನೀಲಕ್ಕ ನಕ್ಕಳು.

“ನೀಡಾವ ನಮ್ಮಾವ ಇದ್ರ ಕೊನೀ ಪಂಗ್ತಿ ಆದ್ರೇನು ಅಂತಾರಲ್ಲೋ ತಮ್ಮಾ. ನೀ ಅದಿ ಅಂತ ಸುಮ್ಮ ಕುಂತಿದ್ದೆ.”

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಮಾತನ್ನು ತಡೆದುಕೊಳ್ಳಲು ಅವನಿಂದ ಆಗಲಿಲ್ಲ. ಅವಳ ಕೈಯಲ್ಲಿ ಉಳಿದಿದ್ದವೇ ಕೆಲವು ಸಂಜೆಗಳು. ಅದರಲ್ಲಿ ಒಂದನ್ನು ಅವನು ದೀಪ ನೋಡುತ್ತ ಕಳೆದಿದ್ದ. ಕೋಣೆಯಲ್ಲಿ ಕಣ್ಣಿದ್ದವನು ತಾನೊಬ್ಬನೇ, ಕಾಣದೆ ಹೋದದ್ದೂ ತನಗೇ ಎಂದು ಬಹಳ ನಾಚಿಕೆಯಾಯಿತು.

ಅಜ್ಜಾರು ಆಗಲೇ ಬಾಗಿಲಿಂದ ಹೋಗಿದ್ದರು.

ಕಲ್ಮೇಶ ಎಲ್ಲ ವೈರುಗಳನ್ನೂ ಕಿತ್ತ. ನೆಲದ ಮೇಲೆ ಕೂತು ಒಂದೊಂದನ್ನೇ ಸರ್ವರಿಗೆ ಸೇರಿಸಿದ. ತಗಡಿನ ಟ್ರಂಕು ಗುಂಯ್ ಎಂದು ಸದ್ದು ಮಾಡಿತು.

“ಅಣ್ಣಾ, ಇದು ತಡಾ ಮಾಡತೈತಲ್ಲಾ,” ಎಂದ ಫಕೀರೇಶ.

“ಸ್ವಲ್ಪ ತಡಕೋ.”

ಈ ಸಲ ಕಲ್ಮೇಶ ಮೊದಲ ಬೆಂಚಿನ ಹತ್ತಿರ ನಿಲ್ಲಲಿಲ್ಲ. ಕೊನೆಗೆ ಹೋಗಿ, ನೀಲಕ್ಕನ ಬೆಂಚಿನ ಪಕ್ಕಕ್ಕೆ ನೆಲದ ಮೇಲೆ ಕೂತ. ಕೋಣೆಯಲ್ಲಿ ಎಲ್ಲರೂ ಕೇಳುತ್ತಿದ್ದರು. ಯಾರದೂ ಬಹಳ ಮುಂದೆ ಹೋಗಲಿಲ್ಲ, ಯಾರದೂ ನಿಲ್ಲಲಿಲ್ಲ. ನೀಲಕ್ಕನ ತುಟಿ ಅಲುಗತೊಡಗಿತು. ಪಾಠವನ್ನು ತನ್ನಷ್ಟಕ್ಕೆ ತಾನು ಹೇಳಿಕೊಳ್ಳುತ್ತಿದ್ದಳು.

ಅವನು ಕೇಳಲಿಲ್ಲ. ಅವಳೇ ಹೇಳಿದಳು.

“ಮುಟ್ಟಿತು.”

ಭಾನುವಾರ ಕಲ್ಮೇಶ ಆಟದ ಯಂತ್ರವನ್ನು ಪೆಟ್ಟಿಗೆಗೆ ತುಂಬುತ್ತಿದ್ದ. ತುಂಬುತ್ತಿದ್ದ ಎನ್ನುವುದಕ್ಕಿಂತ ತುರುಕುತ್ತಿದ್ದ. ಅಜ್ಜಾರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

“ಯಾಕಪಾ, ಅದರ ಮ್ಯಾಲ ಸಿಟ್ಟು?”

“ಬರೇ ಥಳಕ್ರಿ ಅಜ್ಜಾರ ಇದು. ಯಾತಕ್ಕೂ ಬರಂಗಿಲ್ಲ.”

ಅಷ್ಟರಲ್ಲಿ ಒಬ್ಬ ಹೆಂಗಸು ಗೇಟು ದಾಟಿ ಬಂದಳು. ಕಂಕುಳಲ್ಲಿ ಕೂಸು. ಬಸ್ಸು ಹೊರಗೆ ರಸ್ತೆಯಲ್ಲೇ ನಿಂತಿತ್ತು, ಡ್ರೈವರ್ ಚಹಾ ಕುಡಿಯುವಷ್ಟು ಹೊತ್ತು ಮಾತ್ರ.

“ಮುಂಜಾನಿಂದ ಏನೂ ತಿಂದಿಲ್ರಿ ಯಪ್ಪಾ. ಒಂದು ತುತ್ತು ಸಿಗತೈತೇನ್ರಿ?”

ಅಜ್ಜಾರು ಕಲ್ಮೇಶನ ಕಡೆ ನೋಡಿದರು. ಅವನು ಪೆಟ್ಟಿಗೆ ಬಿಟ್ಟು ಎದ್ದ. ಹೋದದ್ದು ಕಂಡಿತು, ಬಂದದ್ದು ಕಾಣಲಿಲ್ಲ. ರೊಟ್ಟಿ, ಪಲ್ಯ, ಮೊಸರು, ಕೂಸಿಗೆ ಒಂದು ಲೋಟ ಹಾಲು. ಅವಳು ಉಂಡು, ಇನ್ನೊಂದು ರೊಟ್ಟಿಯನ್ನು ಸೆರಗಿಗೆ ಕಟ್ಟಿಕೊಂಡು, ಹಾರ್ನು ಕೇಳಿದ ಕೂಡಲೇ ಓಡಿ ಬಸ್ಸು ಹತ್ತಿದಳು.

“ಸಾವಕಾಶ ನೀಡಾವರು ಐದಾರು ಮಂದಿ ಬಂದು ಒಬ್ಬಾಕಿಗೆ ನೀಡಾಕ ನಿಂತಿದ್ರ?” ಎಂದರು ಅಜ್ಜಾರು.

“ಬಸ್ ತಪ್ಪತಿತ್ರಿ.”

“ಮತ್ತ ಓಡಾವನ್ನ ಯಾಕ ಬೈತಿ?”

ಕಲ್ಮೇಶ ಮತ್ತೆ ಪೆಟ್ಟಿಗೆಯ ಹತ್ತಿರ ಕೂತ. ಪೆಟ್ಟಿಗೆಯಲ್ಲಿ ತುರುಕಿದ್ದ ಯಂತ್ರವನ್ನು ಹೊರಗೆ ತೆಗೆದ. ಬಟ್ಟೆಯಿಂದ ಧೂಳು ಒರೆಸಿ, ಸುತ್ತಲೂ ಹಳೆಯ ಕಾಗದ ಕೊಟ್ಟು, ಕೂಸನ್ನು ತೊಟ್ಟಿಲಿಗೆ ಹಾಕುವಂತೆ ಮತ್ತೆ ಮೆಲ್ಲಗೆ ಇಟ್ಟ.

ಸೋಮವಾರ ಟೆಂಪೋ ಬಂತು. ಪೆಟ್ಟಿಗೆ ಏರಿಸುವಾಗ ಕಲ್ಮೇಶ ಡ್ರೈವರನಿಗೆ ಹೇಳಿದ:

“ನಿಮ್ಮ ಅಂಗಡಿ ಸೇಠರಿಗೆ ಹೇಳಪಾ. ಒಬ್ಬನ ಕುಂತು ಕೆಲಸ ಮಾಡಾವ ಯಾರರ ಕೇಳಿದ್ರ ಇದನ್ನ ಕೊಡ್ರಿ ಅಂತ. ಭಾಳ ಚೊಲೋ ಐತಿ.”

ಟೆಂಪೋ ಹೋಯಿತು. ಓದುವ ಕೋಣೆಯಿಂದ ಸರ್ವರಿನ ಸದ್ದು ಒಂದೇ ಸಮನೆ ಬರುತ್ತಿತ್ತು. ನೀಲಕ್ಕ ಬೆಳಗಿನಿಂದಲೂ ಅಲ್ಲೇ ಇದ್ದಳು. ಊಟದ ಗಂಟೆ ಹೊಡೆದ ಮೇಲೆ ಒಲ್ಲದ ಮನಸ್ಸಿನಿಂದ ಎದ್ದು ಬಂದು ತನ್ನ ಜಾಗದಲ್ಲಿ ಕೂತಳು. ಅಜ್ಜಾರೂ ಬಂದು ಅವಳ ಪಕ್ಕ ಕೂತರು.

ಕಲ್ಮೇಶನ ಕೈಯಲ್ಲಿ ಇಂದು ಚಟ್ನಿಯ ಪಾತ್ರೆ ಒಂದೇ. ಉಳಿದದ್ದೆಲ್ಲ ಬೇರೆಯವರ ಕೈಯಲ್ಲಿ. ಅವರ ನಡಿಗೆಗೆ ತನ್ನ ನಡಿಗೆ ಕೂಡಿಸಿಕೊಂಡು, ಓಡದೆ, ಕೊನೆಯ ತನಕ ಬಂದ. ಅಜ್ಜಾರ ತಾಟಿಗೆ ಬಡಿಸಿ ನಿಂತ.

“ಅಜ್ಜಾರ, ಒಂದು ಮಾತು ಕೇಳ್ಲೇನ್ರಿ?”

“ಕೇಳು.”

“ಬ್ಯಾರೆ ಮಠದಾಗ ಗುರುಗಳಿಗೆ ಸಾಲಿನ ಮುಂದ ಗಾದಿ ಹಾಕಿರತಾರ. ಮೊದಲು ಅವರಿಗೆ ನೀಡ್ತಾರ. ನೀವ್ಯಾಕ ಯಾವಾಗಲೂ ಇಲ್ಲಿ ಕೊನೀಗೆ ಬಂದು ಕುಂದರತೀರಿ?”

ಅಜ್ಜಾರು ತಾಟನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು.

“ಅಡಗಿ ಹೆಂಗಾಗೈತಿ ಅನ್ನೂದು ಮೊದಲನೇ ತಾಟಿಗೆ ತಿಳೀತೈತಿ. ನೀಡೂದು ಹೆಂಗಾಗೈತಿ ಅನ್ನೂದು ಕೊನೀ ತಾಟಿಗಷ್ಟ ತಿಳೀತೈತಿ.”