ಯಾರೂ ಕದಿಯದ ಹೆಪ್ಪು

ಕೇರಿಗೆಲ್ಲ ಒಂದೇ ಗಡಿಗೆಯ ಮೊಸರು ರುಚಿ. ಹೆಪ್ಪು ಕೇಳಲು ಬಂದ ಕುಡಿಕೆಗಳಿಗೆ ಗಡಿಗೆ ಹೇಳಿತು: “ಕೊಡುತ್ತೇನೆ. ಆದರೆ ಹೆಪ್ಪು ನನ್ನ ಸ್ವತ್ತು. ನಾಳೆಗೆಂದು ಒಂದು ಚಮಚವನ್ನೂ ಉಳಿಸಕೂಡದು, ಪಕ್ಕದವರಿಗೂ ಕೊಡಕೂಡದು. ಮೊಸರು ಮುಗಿದೊಡನೆ ತೊಳೆದುಕೊಂಡು ಬೋರಲು ಮಲಗಿ.”

ಕುಡಿಕೆಗಳು ತಲೆಯಾಡಿಸಿದವು. ದಿನವೂ ಬಂದು ಬೇಡಿದವು.

ಒಂದು ಸಂಜೆ ಬೆಕ್ಕು ಗಡಿಗೆಯನ್ನು ತಳದವರೆಗೂ ನೆಕ್ಕಿಬಿಟ್ಟಿತು. ಕಾಸಿ ಆರಿಸಿದ ಹಾಲಿತ್ತು, ಹೆಪ್ಪಿರಲಿಲ್ಲ. ಗಡಿಗೆ ಕೇರಿಗೆ ಇಳಿಯಿತು. ಪ್ರತಿ ಜಗಲಿಯ ಮೇಲೂ ಕುಡಿಕೆಗಳು ಬಾಯಿ ಕೆಳಗಾಗಿ ಮಲಗಿದ್ದವು.

“ಒಬ್ಬರಾದರೂ ನನ್ನ ಹೆಪ್ಪು ಕದ್ದಿಟ್ಟಿರುತ್ತೀರಿ,” ಎಂದಿತು ಗಡಿಗೆ. “ಯಾರು ಹೇಳಿ, ಬೈಯುವುದಿಲ್ಲ.”

ಎಲ್ಲ ಕುಡಿಕೆಗಳ ಒಳಗಿಂದ ಒಂದೇ ಟೊಳ್ಳು ದನಿ ಬಂತು:

“ಯಾರೂ ಕದ್ದಿಲ್ಲಮ್ಮ. ನೀವು ಹೇಳಿದ ಹಾಗೆಯೇ ತೊಳೆದುಕೊಂಡಿದ್ದೇವೆ.”