ಒಂದು ಗುಂಡು, ಒಂದು ಎಲೆಅಡಿಕೆ

ಸುಬೇದಾರ್ ಮೊಣ್ಣಪ್ಪನವರ ಹತ್ತಿರ ಗುರಿ ಹೊಡೆಯಲು ಕಲಿಯುವುದೆಂದರೆ ಅರ್ಧ ಹೊತ್ತು ಎಲೆಅಡಿಕೆ ಜಗಿಯುತ್ತಾ ಕೂರುವುದು. ಕೊಡಗಿನ ಆ ಊರಿನಲ್ಲಿ ಈ ಮಾತು ಎಲ್ಲರ ಬಾಯಲ್ಲೂ ಇತ್ತು, ಸುಳ್ಳೇನೂ ಅಲ್ಲ.

ಶಿಷ್ಯನ ಕೈಗೆ ಅವರು ಒಂದೇ ಒಂದು ತೋಟಾ ಕೊಡುತ್ತಿದ್ದರು. ಬೆರಳುದ್ದದ ಹಿತ್ತಾಳೆಯ ತೋಟಾ. ಅದನ್ನು ರೈಫಲಿಗೆ ತುಂಬಿ ಹೊಳೆದಂಡೆಯ ದಿಬ್ಬದಲ್ಲಿಟ್ಟ ತೆಂಗಿನಕಾಯಿಗೆ ಹೊಡೆಯಬೇಕು. ತಾಗಲಿ, ತಪ್ಪಲಿ, ಆಮೇಲೆ ರೈಫಲನ್ನು ಗೋಣಿಚೀಲದ ಮೇಲೆ ಮಲಗಿಸಿ, ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಳ್ಳಬೇಕು. ಅದನ್ನು ಜಗಿದು ಮುಗಿಸುವವರೆಗೆ ಎರಡನೆಯ ತೋಟಾ ಅವರ ಕೋಟಿನ ಜೇಬು ಬಿಟ್ಟು ಹೊರಗೆ ಬರುತ್ತಿರಲಿಲ್ಲ.

ರೈಫಲ್ ಹಳೇ ಮಿಲಿಟರಿಯದು, ಮೊದಲನೇ ಮಹಾಯುದ್ಧ ನೋಡಿದ್ದು. ಅದಕ್ಕೆ ತನಗಿಂತ ಸರ್ವಿಸ್ ಜಾಸ್ತಿ, ಅದರ ಮುಂದೆ ಕಾಲು ಚಾಚಿ ಕೂರಬಾರದು ಎಂದು ಸುಬೇದಾರರು ಹೇಳುತ್ತಿದ್ದರು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಮನೆಯಲ್ಲಿದ್ದುದು ಅವರು, ಆ ರೈಫಲ್, ಒಂದು ಮುದಿ ನಾಯಿ.

ಶಿಷ್ಯ ಪೂಣಚ್ಚ ಮೀಸೆ ತಿರುವುವ ಸಂಸಾರಸ್ಥ. ಬಂದೂಕಿಗೆ ಹೂ ಮುಡಿಸಿ ಪೂಜೆ ಮಾಡುವ ಕೈಲು ಮುಹೂರ್ತದ ದಿನ, ಊರವರ ಎದುರು ತೆಂಗಿನಕಾಯಿಗೆ ಗುರಿಯಿಟ್ಟು ತಪ್ಪಿದ್ದ. ಹೆಂಡತಿಯ ಅಣ್ಣ ಉತ್ತಪ್ಪ ಅದನ್ನೇ ಹಿಡಿದುಕೊಂಡ. ಮಜ್ಜಿಗೆ ಕೊಟ್ಟರೂ ಅದೇ ಮಾತು, ಮಣೆ ಹಾಕಿದರೂ ಅದೇ ಮಾತು. ಕೆಲವೇ ದಿನಗಳಲ್ಲಿ ನೆಂಟರು, ಸ್ನೇಹಿತರು ಸೇರಿ ಗುಡ್ಡದಾಚೆಗೆ ಹಂದಿ ಬೇಟೆಗೆ ಹೊರಡುವವರಿದ್ದರು. ಆಗಿನ್ನೂ ಬೇಟೆಗೆ ಈಗಿನ ಹಾಗೆ ತಡೆ ಇರಲಿಲ್ಲ. ಅಷ್ಟರೊಳಗೆ ಕೈ ಕುದುರಬೇಕು, ಬಾವನ ಬಾಯಿ ಮುಚ್ಚಿಸಬೇಕು. ಪೂಣಚ್ಚನಿಗೆ ಆಗ ಬೇಕಾಗಿದ್ದುದು ಅಷ್ಟೇ.

ಮನೆಯ ಚಿಂತೆ ಬೇರೆಯೇ ಇತ್ತು. ಅವ್ವ ದೇಚವ್ವ ಎದೆನೋವಿನಿಂದ ಹಾಸಿಗೆ ಹಿಡಿದಿದ್ದಳು. ತಮ್ಮ ಸೋಮಯ್ಯ ಸೈನ್ಯದಲ್ಲಿ, ಗಡಿಯಲ್ಲಿ. ಗಡಿಯಲ್ಲಿ ಯುದ್ಧ ನಡೆಯುತ್ತಿತ್ತು, ಅವನ ಸುದ್ದಿಯೇ ಇರಲಿಲ್ಲ. ಡಾಕ್ಟರು ಪೂಣಚ್ಚನನ್ನು ಅಂಗಳಕ್ಕೆ ಕರೆದು, ಗಾಬರಿಯ ಸುದ್ದಿ ಯಾವುದೂ ಆಕೆಯ ಕಿವಿಗೆ ಬೀಳಬಾರದು, ಆ ಎದೆ ತಡೆಯುವುದಿಲ್ಲ ಎಂದಿದ್ದರು.

ಪೂಣಚ್ಚ ರೇಡಿಯೋದ ಬ್ಯಾಟರಿ ಕಿತ್ತು ಅಟ್ಟಕ್ಕೆ ಎಸೆದ. ಪೋಸ್ಟ್‌ಮ್ಯಾನ್ ಗೇಟಿನಾಚೆಯೇ ನಿಂತು ಸನ್ನೆ ಮಾಡಬೇಕೆಂದು ಹೇಳಿದ. ಮನೆಯೊಳಗೆ ಯುದ್ಧ ಎಂಬ ಮಾತನ್ನೇ ಯಾರೂ ಎತ್ತದ ಹಾಗೆ ನೋಡಿಕೊಂಡ.

ಆ ಸೀಮೆಯಲ್ಲಿ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ. ಯಾರಾದರೂ ತೀರಿಕೊಂಡರೆ ಬೆನ್ನು ಬೆನ್ನಿಗೆ ಎರಡು. ಎರಡು ಕೇಳಿಸಿತೆಂದರೆ ಊರು ಇದ್ದ ಕೆಲಸ ಇದ್ದಲ್ಲೇ ಬಿಟ್ಟು ಸಾವಿನ ಮನೆಗೆ ಹೊರಡುತ್ತದೆ. ಇದು ಪೂಣಚ್ಚನಿಗೆ ತಿಳಿಯದ್ದೇನಲ್ಲ, ಹುಟ್ಟಿದಾಗಿನಿಂದ ಕೇಳಿದ್ದು.

ಒಂದು ದಿನ ಅವನು ತಡೆಯಲಾರದೆ ಕೇಳಿಯೇಬಿಟ್ಟ. ಬೇಟೆಯಲ್ಲಿ ಹಂದಿ ಎದುರಿಗೆ ನಿಂತು, ಎಲೆಅಡಿಕೆ ಮುಗಿಸಿ ಬಾ ಎಂದು ಕಾಯುತ್ತದೆಯೇ? ಎರಡು ತೋಟಾ ಒಟ್ಟಿಗೆ ಕೊಟ್ಟರೆ ಏನು ಗಂಟು ಹೋಗುತ್ತದೆ?

ಸುಬೇದಾರರು ದಿಬ್ಬದ ಕಡೆ ನೋಡಿದರು.

"ಈಗ ಹೊಡೆದ ಗುಂಡು ಎಲ್ಲಿಗೆ ಹೋಯಿತು?"

"ಕಾಯಿಯ ಎಡಕ್ಕೆ, ಮಣ್ಣಿಗೆ."

"ಸದ್ದು ಎಲ್ಲಿಗೆ ಹೋಯಿತು?"

ಪೂಣಚ್ಚ ನಕ್ಕ. "ಸದ್ದು ಗಾಳಿಗೆ ಹೋಯಿತು ಮಾವ."

"ಹಾಗಾದರೆ ನಿನಗೆ ಇನ್ನೂ ಒಂದೇ ಸಾಕು," ಎಂದು ಸುಬೇದಾರರು ಸುಣ್ಣದ ಡಬ್ಬಿ ಅವನ ಕಡೆ ತಳ್ಳಿದರು.

ಮುದುಕನ ಜಿಪುಣತನ ಎಂದುಕೊಂಡ ಪೂಣಚ್ಚ. ಎಲೆಗೆ ಸುಣ್ಣ ಜಾಸ್ತಿ ಹಚ್ಚಿ ಬಾಯಿ ಸುಟ್ಟುಕೊಂಡ.

ಬೇಟೆಗೆ ಹೊರಡುವ ಹಿಂದಿನ ದಿನ ಉತ್ತಪ್ಪ ಬಾವ ಗೆಳೆಯರನ್ನು ಕಟ್ಟಿಕೊಂಡು ಹೊಳೆದಂಡೆಗೆ ಬಂದ. ಶಿಷ್ಯ ಎಷ್ಟು ಕಲಿತಿದ್ದಾನೆ ನೋಡೋಣ ಎಂದು ಕಲ್ಲುಗಳ ಮೇಲೆ ಸಾಲಾಗಿ ಕೂತರು. ಸುಬೇದಾರರು ಎಂದಿನಂತೆ ಒಂದು ತೋಟಾ ಪೂಣಚ್ಚನ ಕೈಗಿಟ್ಟು, ಮುಖ ತೊಳೆಯಲು ನೀರಿಗಿಳಿದರು.

ಪೂಣಚ್ಚ ಮಂಡಿಯೂರಿ ಗುರಿಯಿಟ್ಟ. ಬೆನ್ನಿಗೆ ಅಷ್ಟೂ ಜನರ ಕಣ್ಣು ಚುಚ್ಚುತ್ತಿತ್ತು. ಹೊಡೆದ. ಕಾಯಿ ಅಲುಗಲಿಲ್ಲ.

ಬಾವ ಜೋರಾಗಿ ನಗಲಿಲ್ಲ. ಕಾಯಿಗೆ ಪೆಟ್ಟಾಗಿಲ್ಲ ತಾನೆ, ಪಾಪ ಎಂದು ಗೆಳೆಯರನ್ನು ಮೆಲ್ಲಗೆ ಕೇಳಿದ, ಅಷ್ಟೇ. ಕೇಳಿ, ಯಾವನೋ ಸ್ನೇಹಿತನಿಂದ ತಂದಿದ್ದ ಅಂಥದೇ ತೋಟಾ ಒಂದನ್ನು ಜೇಬಿನಿಂದ ತೆಗೆದು ಅಂಗೈಯಲ್ಲಿ ಹಿಡಿದು ತೋರಿಸಿದ.

ಪೂಣಚ್ಚನಿಗೆ ಮೈಯೆಲ್ಲ ಉರಿಯಿತು. ತೋಟಾ ಕಿತ್ತುಕೊಂಡ, ಬೋಲ್ಟ್ ಎಳೆದ, ತುಂಬಿದ, ಹೊಡೆದ. ಮೊದಲ ಗುಂಡಿನ ಸದ್ದು ಗುಡ್ಡದಿಂದ ಇನ್ನೂ ಮರಳುತ್ತಿತ್ತು.

ಕಾಯಿ ಸಿಡಿದು ನೀರು ಚಿಮ್ಮಿತು. ಗೆಳೆಯರು ಎದ್ದು ಅವನ ಬೆನ್ನು ತಟ್ಟಿದರು. ಬಾವ ಕೂಡ ಕೈಕುಲುಕಿದ. ಆ ಒಂದು ಗಳಿಗೆ ಪೂಣಚ್ಚನಿಗೆ ಹಿಗ್ಗೋ ಹಿಗ್ಗು.

ಸುಬೇದಾರರು ನೀರಿನಿಂದ ಮೇಲೆ ಬಂದರು. ಮುಖದಿಂದ ನೀರು ಇಳಿಯುತ್ತಿತ್ತು. ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು.

"ಯಾರು ತೀರಿಕೊಂಡರು?" ಎಂದು ಕೇಳಿದರು.

ಉತ್ತಪ್ಪ ನಗುತ್ತಾ ತೆಂಗಿನಕಾಯಿ ಎಂದ. ಸುಬೇದಾರರು ಅವನ ಕಡೆ ತಿರುಗಲೂ ಇಲ್ಲ.

"ಪೂಣಚ್ಚ, ನಿನ್ನನ್ನೇ ಕೇಳಿದ್ದು. ಯಾರು ತೀರಿಕೊಂಡರು?"

ಆಗ ಅವನು ಗದ್ದೆಯ ಕಡೆ ನೋಡಿದ. ಕಳೆ ಕೀಳುತ್ತಿದ್ದ ಹೆಂಗಸರ ಮಾತು ನಿಂತುಹೋಗಿತ್ತು. ಒಬ್ಬೊಬ್ಬರೇ ನೆಟ್ಟಗಾದರು. ಕಾಲುವೆಯಲ್ಲಿ ಕೈ ತೊಳೆದರು, ಎತ್ತಿ ಸಿಕ್ಕಿಸಿದ್ದ ಸೀರೆ ಇಳಿಬಿಟ್ಟರು, ಬದು ಹಿಡಿದು ನಡೆಯತೊಡಗಿದರು. ಆಚೆ ದಾರಿಯಲ್ಲಿ ಗಂಡಸರೂ ಹೊರಟಿದ್ದರು. ಯಾರ ಮನೆಯಲ್ಲಿ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಈ ದಿನಗಳಲ್ಲಿ ಊರು ಎಲ್ಲಕ್ಕಿಂತ ಹೆಚ್ಚಾಗಿ ಹೆದರಿ ಕಾಯುತ್ತಿದ್ದುದು ಮಗ ಗಡಿಯಲ್ಲಿದ್ದು ತಾಯಿ ಹಾಸಿಗೆ ಹಿಡಿದ ಒಂದು ಮನೆಯ ಸುದ್ದಿಗೆ.

ಎಲ್ಲರೂ ಪೂಣಚ್ಚನ ಮನೆಗೇ ಹೋಗುತ್ತಿದ್ದರು.

ಬಾವನ ಮುಖ ಬಿಳಿಚಿತು. ಇನ್ನೂ ಒಂದೆರಡು ಹಾರಿಸಿಬಿಡೋಣ, ಬರೀ ಗುರಿ ಹೊಡೆಯುವ ಆಟ ಅಂತ ತಿಳಿಯುತ್ತದೆ ಎಂದು ತೊದಲಿದ.

"ಹೋದ ಎರಡನ್ನು ವಾಪಸ್ ಕರೆಯೋ ಗುಂಡನ್ನ ಯಾವ ಕಾರ್ಖಾನೆಯಲ್ಲೂ ಮಾಡಲ್ಲ," ಎಂದರು ಸುಬೇದಾರರು. "ಓಡು, ಪೂಣಚ್ಚ."

ಅವನು ಓಡಿದ. ರೈಫಲ್ ಕೈಯಲ್ಲೇ ಇದ್ದುದು ಅವನಿಗೆ ತಿಳಿಯಲಿಲ್ಲ. ಬದುವಿನ ಮೇಲೆ ನಡೆಯುತ್ತಿದ್ದವರು ಅವನನ್ನು ಕಂಡು ಕೆಸರಿಗೆ ಇಳಿದು ದಾರಿ ಬಿಟ್ಟರು. ಪಕ್ಕದ ಮನೆಯ ಚೋಂದವ್ವ ಅವನ ಭುಜ ಮುಟ್ಟಿ ಕಣ್ಣೊರೆಸಿಕೊಂಡಳು. ಏನೂ ಆಗಿಲ್ಲ ಎಂದು ಹೇಳಹೋದರೆ ಉಸಿರೇ ಹೊರಡಲಿಲ್ಲ. ಹೇಳುತ್ತಾ ನಿಲ್ಲಲು ಹೊತ್ತೂ ಇರಲಿಲ್ಲ. ಅವ್ವನ ಎದೆ, ಅವ್ವನ ಎದೆ, ಅಷ್ಟೇ ಅವನ ತಲೆಯಲ್ಲಿ ಇದ್ದುದು.

ಅಂಗಳ ಆಗಲೇ ತುಂಬಿತ್ತು. ಮನೆಯವರು ಹೇಳಲಿ ಎಂದು ಬಂದವರು ಕಾಯುತ್ತಿದ್ದರು. ಬಂದವರು ಹೇಳಲಿ ಎಂದು ಮನೆಯವರು.

ಎಷ್ಟೋ ದಿನದಿಂದ ಹಾಸಿಗೆಯಿಂದ ಏಳದಿದ್ದ ದೇಚವ್ವ ಜಗಲಿಯ ಹಲಗೆಯ ಮೇಲೆ ಕೂತಿದ್ದಳು. ಸಾವಿನ ದಿನ ಉಡುವ ಬಿಳಿ ಸೀರೆ ಉಟ್ಟಿದ್ದಳು. ಒಂದು ಕೈ ಕಂಬ ಹಿಡಿದಿತ್ತು, ಇನ್ನೊಂದು ಎದೆಯ ಮೇಲಿತ್ತು. ತುಟಿ ನೀಲಿಗಟ್ಟಿತ್ತು.

"ಯಾವಾಗಂತೆ?" ಎಂದಳು ಮಗನನ್ನು ನೋಡಿ.

ಅವನು ಜನರನ್ನು ಸರಿಸಿಕೊಂಡು ಜಗಲಿಯ ಹತ್ತಿರ ಬಂದ.

"ಹೇಳು. ನನ್ನ ಸೋಮು ಯಾವಾಗ ಹೋದನಂತೆ?"

ಪೂಣಚ್ಚ ರೈಫಲನ್ನು ಅಂಗಳದಲ್ಲಿಟ್ಟು ಅವಳ ಕಾಲ ಬಳಿ ಕುಸಿದ. "ಯಾರೂ ಹೋಗಿಲ್ಲ ಅವ್ವ. ಹೊಡೆದದ್ದು ನಾನು. ತೆಂಗಿನಕಾಯಿಗೆ. ಒಂದು ತಪ್ಪಿತು, ಬಾವ ನಕ್ಕ ಅಂತ ಇನ್ನೊಂದು ಹೊಡೆದೆ."

ಅಂಗಳದಲ್ಲಿ ಯಾರೋ ಬಿಕ್ಕಿದರು. ದೇಚವ್ವ ಕಣ್ಣು ಮುಚ್ಚಿದಳು. ಎದೆಯ ಮೇಲಿನ ಕೈ ಅಲುಗಾಡದೆ ನಿಂತಿತು. ಪೂಣಚ್ಚ ಆ ಕೈಯನ್ನೇ ನೋಡುತ್ತಾ ಕೂತ. ಇನ್ನೊಂದು ಉಸಿರು ಬರಲಿ, ನನ್ನ ಆಯಸ್ಸು ತಗೊಂಡು ಬರಲಿ ಎಂದು ಅವನು ಒಳಗೊಳಗೇ ಕೂಗುತ್ತಿದ್ದ.

ಉಸಿರು ಬಂತು. ಅವಳು ಕಣ್ಣು ಬಿಟ್ಟಳು.

"ಕಾಯಿ ಒಡೀತಾ?"

"ಒಡೀತು ಅವ್ವ."

"ಹಾಗಾದರೆ ತಂದು ಎಲ್ಲರಿಗೂ ಹಂಚು. ಕೆಲಸ ಬಿಟ್ಟು ಬಂದಿದ್ದಾರೆ. ಬರಿಗೈಯಲ್ಲಿ ಕಳಿಸಬೇಡ."

ಅಷ್ಟು ಹೇಳಿ ಕಂಬಕ್ಕೆ ಒರಗಿದವಳು ಹಾಗೇ ಜಾರಿದಳು. ಹೆಂಗಸರು ಎತ್ತಿಕೊಂಡು ಒಳಗೆ ಹೋದರು. ಡಾಕ್ಟರು ಬಂದು ಸಂಜೆಯವರೆಗೂ ಕೂತಿದ್ದರು. ಹೊರಡುವಾಗ, ಬದುಕಿದ್ದು ಆಕೆಯ ಪುಣ್ಯ, ನಿನ್ನದಲ್ಲ ಎಂದು ಪೂಣಚ್ಚನ ಮುಖದ ಮೇಲೆ ಹೊಡೆದ ಹಾಗೆ ಹೇಳಿದರು.

ಸುಬೇದಾರರು ಅಂಗಳದಲ್ಲೇ ಇದ್ದರು. ಪೂಣಚ್ಚ ರೈಫಲ್ ತಂದು ಅವರ ಮುಂದಿಟ್ಟ. ಇನ್ನು ಈ ಜನ್ಮದಲ್ಲಿ ಇದನ್ನು ಮುಟ್ಟುವುದಿಲ್ಲ, ಬೇಕಾದರೆ ನನ್ನ ಕೈ ಮುರಿಯಿರಿ ಎಂದ. ಅವರು ಬೈಯುತ್ತಾರೆಂದು ಕಾದ, ಬೈದರೆ ಹಗುರವಾಗುತ್ತಿತ್ತು. ಅವರು ಬೋಲ್ಟ್ ಎಳೆದರು. ಖಾಲಿ ಹಿತ್ತಾಳೆ ಕೆಳಗೆ ಬಿತ್ತು.

"ಸದ್ದು ಎಲ್ಲೆಲ್ಲಿಗೆ ಹೋಗಿದೆ, ನೋಡಿಕೊಂಡು ಬಾ," ಎಂದರು.

"ಎಲ್ಲಿಯವರೆಗೆ ಹೋಗಲಿ ಮಾವ?"

"ಕೇಳಿಸದ ಮನೆ ಸಿಗೋವರೆಗೆ."

ಅವ್ವ ಎದ್ದು ಗಂಜಿ ಕುಡಿದ ಮೇಲೆ ಪೂಣಚ್ಚ ಹೊರಟ. ಬೇಟೆಗೆ ಹೋಗಬೇಕಾದವನು ಮನೆಮನೆಯ ಅಂಗಳದಲ್ಲಿ ಕೈ ಮುಗಿದು ನಿಂತ. ಸತ್ತವರು ಯಾರೂ ಇಲ್ಲ, ನನ್ನ ಕೊಬ್ಬು ಹೊಡೆಸಿದ್ದು ಎಂದ. ಒಬ್ಬ ಮುದುಕ ದೊಣ್ಣೆ ಎತ್ತಿದ. ಒಂದು ಮನೆಯಲ್ಲಿ ಉಣ್ಣುತ್ತಿದ್ದವರು ತಟ್ಟೆ ಬಿಟ್ಟು ಎದ್ದಿದ್ದರಂತೆ. ಇನ್ನೊಂದು ಮನೆಯವರು ಬೈದು ಬೈದು, ಕಡೆಗೆ ಕಾಫಿ ಕೊಟ್ಟರು.

ಹೊಳೆಯ ತಿರುವಿನಲ್ಲಿ ಮುತ್ತವ್ವ ಎಂಬವಳ ಮನೆ. ಹೊಸದಾಗಿ ಮದುವೆಯಾದ ಹೆಣ್ಣು. ಗಂಡ ಸೋಮಯ್ಯನ ಪಲ್ಟನ್ನಿನಲ್ಲೇ ಇದ್ದ. ಕದ ಮುಚ್ಚಿತ್ತು. ಪೂಣಚ್ಚ ಬಹಳ ಹೊತ್ತು ಕರೆದ ಮೇಲೆ ತೆರೆದಳು. ಅವನು ಹೇಳುವುದನ್ನೆಲ್ಲ ಕೇಳಿದಳು. ಕೇಳಿ, ಅವನ ಕಾಲಿಗೆ ಬಾಗಿದಳು.

"ಕ್ಷಮಿಸಿ ಅಣ್ಣ," ಎಂದಳು. "ಜನರೆಲ್ಲ ನಿಮ್ಮ ಮನೆ ಕಡೆ ಹೋಗೋದನ್ನ ಕಿಟಕಿಯಿಂದ ನೋಡಿದೆ. ಅವರ ಮನೆಯದೇ ಆಗಿರಲಿ ದೇವರೇ, ನಮ್ಮದಾಗೋದು ಬೇಡ ಅಂತ ಬೇಡಿಕೊಂಡೆ. ಅವತ್ತಿನಿಂದ ನನಗೆ ಅನ್ನ ಇಳಿದಿಲ್ಲ."

ತಪ್ಪು ಮಾಡಿದವನು ತಾನು, ಕ್ಷಮೆ ಕೇಳುತ್ತಿರುವವಳು ಅವಳು. ನಾಚಿಕೆಯಿಂದ ಪೂಣಚ್ಚನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಅಲ್ಲಿಂದ ನಡೆದು ನಡೆದು ಗುಡ್ಡ ದಾಟಿದ. ಅಲ್ಲೊಬ್ಬ ಅಜ್ಜ ಬುಟ್ಟಿ ಹೆಣೆಯುತ್ತಾ ಕೂತಿದ್ದ. ಯಾವ ಗುಂಡು, ನಮಗೇನೂ ಕೇಳಿಸಲಿಲ್ಲವಲ್ಲ ಎಂದ. ಪೂಣಚ್ಚ ಆ ಅಂಗಳದಲ್ಲಿ ಕೂತು ಮಗುವಿನ ಹಾಗೆ ಅತ್ತ.

ಹೊಸ ಭತ್ತ ಮನೆಗೆ ತರುವ ಪುತ್ತರಿ ಹಬ್ಬದ ಹೊತ್ತಿಗೆ ಯುದ್ಧ ಮುಗಿದಿತ್ತು. ಸೋಮಯ್ಯ ಸೊರಗಿ ಕಡ್ಡಿಯಾಗಿ ರಜೆಯ ಮೇಲೆ ಬಂದ. ಮುತ್ತವ್ವನ ಗಂಡನೂ ಬಂದ. ನೆಂಟರು, ಗೆಳೆಯರೆಲ್ಲ ಹೊಳೆದಂಡೆಯಲ್ಲಿ ಸೇರಿದರು. ಬುತ್ತಿ ಬಿಚ್ಚಿದರು, ನಗೆಚಾಟಿಕೆ ಶುರುವಾಯಿತು. ದೇಚವ್ವ ತಾನೂ ಬರುತ್ತೇನೆಂದು ಹಟ ಹಿಡಿದಳು. ಸದ್ದನ್ನು ಮನೆಯಲ್ಲಿ ಕೂತು ಕೇಳುವುದಕ್ಕಿಂತ ಪಕ್ಕದಲ್ಲೇ ಕೂತು ನೋಡುವುದು ವಾಸಿ ಎಂದಳು. ಅವಳಿಗೊಂದು ಕುರ್ಚಿ ಹೊತ್ತು ತಂದರು.

ಸುಬೇದಾರರ ರೈಫಲ್ ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರಿಗೆ ಒಂದೊಂದು ಗುಂಡು, ನಡುವೆ ಒಂದೊಂದು ಎಲೆಅಡಿಕೆ. ಉತ್ತಪ್ಪ ಬಾವ ಕೂಡ ತಪ್ಪಿದ, ತೆಪ್ಪಗೆ ಕೂತು ಜಗಿದ. ಪೂಣಚ್ಚ ಕಾಯಿ ಜೋಡಿಸುವುದಷ್ಟನ್ನೇ ಮಾಡುತ್ತಿದ್ದ. ರೈಫಲ್ ಹತ್ತಿರ ಬಂದರೆ ದೂರ ಸರಿಯುತ್ತಿದ್ದ.

ಎಲ್ಲರೂ ಊಟಕ್ಕೆ ಕೂತಾಗ ಸುಬೇದಾರರು ಅವನನ್ನು ಕರೆದರು. ರೈಫಲನ್ನು ಅವನ ತೊಡೆಯ ಮೇಲಿಟ್ಟರು. ಕೋಟಿನ ಜೇಬಿಗೆ ಕೈ ಹಾಕಿ ಅವನ ಅಂಗೈ ಬಿಡಿಸಿ ಇಟ್ಟರು. ಎರಡು ತೋಟಾ.

"ಎರಡು ಬೇಡ ಮಾವ. ನನಗೆ ಒಂದನ್ನೂ ಕೊಡಬೇಡಿ."

"ಇವು ಇವತ್ತಿಗಲ್ಲ. ರೈಫಲ್ ಇನ್ನು ನಿನ್ನ ಮನೆಯಲ್ಲಿರಲಿ. ನನ್ನ ಮನೆಯಲ್ಲಿ ಹಾರಿಸೋರು ಯಾರೂ ಇಲ್ಲ."

ಪೂಣಚ್ಚ ತಲೆಯೆತ್ತಿ ಅವರ ಮುಖ ನೋಡಿದ. ಅವನ ಕಣ್ಣು ತುಂಬಿತು. ಅಂಗೈಯನ್ನು ಮೆಲ್ಲಗೆ ಮುಚ್ಚಿಕೊಂಡ.

ಸುಬೇದಾರರು ಸುಣ್ಣದ ಡಬ್ಬಿ ತೆಗೆದು ಎಲೆಯೊಂದನ್ನು ತೊಡೆಗೆ ಒರೆಸಿದರು.

"ಅವತ್ತು ಮಾತ್ರ ನಡುವೆ ಎಲೆಅಡಿಕೆ ಹಾಕಿಕೊಳ್ತಾ ಕೂರಬೇಡ."